ಡ್ವೇನ್ ಇಲ್ಲದ ವೇದಿಕೆಯಲ್ಲಿ ಕ್ಲಾಪ್ಟನ್

ಅಮೆರಿಕದ ರಾಕ್ ತಂಡ ಆಲ್ಮನ್ ಬ್ರದರ್ಸ್ ಬ್ಯಾಂಡ್ ತನ್ನ ನಲವತ್ತನೆಯ ವರ್ಷವನ್ನು 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಬೀಕನ್ ಥಿಯೇಟರಿನಲ್ಲಿ ಸಾಲು ಸಾಲು ಕಛೇರಿಗಳೊಂದಿಗೆ ಆಚರಿಸಿತು. ಬಂದು ನುಡಿಸಿ ಹೋದ ಅತಿಥಿಗಳು ಅನೇಕರು. ಅವರಲ್ಲಿ ಮಾರ್ಚ್ 19 ಮತ್ತು 20ರಂದು ಬಂದ ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅವರ ಗಿಟಾರನ್ನು ಧ್ವನಿಮುದ್ರಣದಲ್ಲಿ ಎಷ್ಟು ಕೇಳಿದರೂ ನನಗೆ ತೃಪ್ತಿಯಾಗುವುದಿಲ್ಲ.

ಆ ಇಡೀ ಆಚರಣೆಯನ್ನು ತಂಡವು ತನ್ನ ಸ್ಥಾಪಕ, ಗಿಟಾರ್ ವಾದಕ ಡ್ವೇನ್ ಆಲ್ಮನ್ ಅವರ ನೆನಪಿಗೆ ಅರ್ಪಿಸಿತ್ತು. 1970ರ ಆಗಸ್ಟ್‌ನಲ್ಲಿ ಮಯಾಮಿಯಲ್ಲಿ ಧ್ವನಿಮುದ್ರಣದಲ್ಲಿ ತೊಡಗಿದ್ದ ಕ್ಲಾಪ್ಟನ್, ಈ ತಂಡದ ಕಛೇರಿಯನ್ನು ಕೇಳಲು ಹೋಗಿ ಡ್ವೇನ್ ಅವರ ವಾದನಕ್ಕೆ ಮನಸೋತರು. ಆ ಪರಿಚಯದ ಫಲವಾಗಿಯೇ ಕ್ಲಾಪ್ಟನ್ ಅವರ ‘ಲೈಲಾ’ ಹಾಡಿನಲ್ಲಿ ಡ್ವೇನ್ ಅವರ ಸ್ಲೈಡ್ ಗಿಟಾರ್ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಬಗೆ) ಕೇಳಿಸುತ್ತದೆ. ಮರುವರ್ಷ ಅಕ್ಟೋಬರ್ 29ರಂದು ಮೋಟಾರ್‌ಸೈಕಲ್ ಅಪಘಾತದಲ್ಲಿ ಡ್ವೇನ್ ತೀರಿಕೊಂಡಾಗ ಅವರಿಗೆ ಇನ್ನೂ 24 ವರ್ಷ.

ಬೀಕನ್ನಿನಲ್ಲಿ ಕ್ಲಾಪ್ಟನ್ ನುಡಿಸಿದ ‘ಡ್ರೀಮ್ಸ್’ ಹಾಡನ್ನು ಬರೆದವರು ಡ್ವೇನ್ ಅವರ ತಮ್ಮ ಗ್ರೆಗ್. ಆದರೆ 1969ರ ಮೊದಲ ಆಲ್ಬಮ್ಮಿನಲ್ಲಿ ಅದಕ್ಕೆ ಜೀವ ತುಂಬಿದ್ದು ಡ್ವೇನ್ ಅವರ ಸೋಲೋ. ಮೂರರ ನಡೆಯಲ್ಲಿ ಎರಡು ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ನಿಧಾನವಾಗಿ ಮರಳಿ ಮರಳಿ ಬರುತ್ತಿರುವುದರಿಂದ ವಾದಕರ ಮನೋಧರ್ಮಕ್ಕೆ ಇಲ್ಲಿ ವಿಶಾಲವಾದ ಬಯಲಿದೆ, ಮರೆಯಾಗಲು ಮಾತ್ರ ಎಡೆಯಿಲ್ಲ. ಕ್ಲಾಪ್ಟನ್ ಡ್ವೇನ್ ಅವರ ಸ್ವರಗಳನ್ನು ಅನುಕರಿಸುವ ಗೋಜಿಗೇ ಹೋಗುವುದಿಲ್ಲ. ತಮ್ಮದೇ ಬ್ಲೂಸ್ ನುಡಿಗಟ್ಟಿನಲ್ಲಿ ಅಳೆದು ತೂಗಿ ಆರಂಭಿಸಿ, ತಂತಿಯನ್ನು ಎಳೆದು ಒಂದು ಸ್ವರವನ್ನು ಇನ್ನೊಂದಕ್ಕೆ ಮುಟ್ಟಿಸಿ, ಹಿಂದಿನಿಂದ ಬರುವ ಗ್ರೆಗ್ ಅವರ ಆರ್ಗನ್ನಿಗೂ ಬುಚ್ ಟ್ರಕ್ಸ್ ಮತ್ತು ಜೈಮೋ ಅವರ ಜೋಡಿ ಡ್ರಮ್‌ಗಳಿಗೂ ಜಾಗ ಬಿಟ್ಟು ಮುಂದುವರಿಯುತ್ತಾರೆ. ಅರವತ್ತು ದಾಟಿದ, ಜಗತ್ತೇ ಬಲ್ಲ ಕಲಾವಿದರೊಬ್ಬರು ಇಷ್ಟು ಸಲೀಸಾಗಿ ತಂಡದೊಳಗೆ ಒಬ್ಬರಾಗಿಬಿಡುವುದು ನನ್ನನ್ನು ಬಹಳವಾಗಿ ಮುಟ್ಟಿದೆ.

ಇದಕ್ಕೆ ತಂಡದ ಗಿಟಾರ್ ವಾದಕ ಡೆರೆಕ್ ಟ್ರಕ್ಸ್ ಕೂಡ ಕಾರಣ. ಬುಚ್ ಅವರ ಸಹೋದರನ ಮಗನಾದ ಇವರು ಅದಾಗಲೇ ಕ್ಲಾಪ್ಟನ್ ಅವರ ತಂಡದಲ್ಲಿ ಪ್ರವಾಸ ಮಾಡಿದ್ದವರು. ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅವರ ಸಂಗೀತವನ್ನು ಡೆರೆಕ್ ಶ್ರದ್ಧೆಯಿಂದ ಕೇಳಿದ್ದಾರೆ. ಹಿಂದೂಸ್ತಾನಿ ಸಂಗೀತದ ಪರಿಚಯವಿರುವ ಕಿವಿಗೆ ಅವರ ಸ್ಲೈಡ್‌ನಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಡೆ, ತಟ್ಟನೆ ಗುರುತು ಸಿಗುತ್ತದೆ. ಅವರಿಗೂ ತಂಡದ ಇನ್ನೊಬ್ಬ ಗಿಟಾರ್ ವಾದಕ ವಾರೆನ್ ಹೇನ್ಸ್ ಅವರಿಗೂ ನಡುವೆ ನಿಂತ ಕ್ಲಾಪ್ಟನ್, ಅವರಿಬ್ಬರು ನುಡಿಸುವಾಗ ಲಯದ ಕಾರ್ಡ್‌ಗಳಿಗಷ್ಟೇ ತೃಪ್ತರಾಗುತ್ತಾರೆ.

ಆ ಕಛೇರಿಗಳಲ್ಲಿ ‘ಇನ್ ಮೆಮರಿ ಆಫ್ ಎಲಿಜಬೆತ್ ರೀಡ್’ ಕೂಡ ಇತ್ತು. ಅದನ್ನು ರಚಿಸಿದ, ತಂಡದ ಹಳೆಯ ಗಿಟಾರ್ ವಾದಕ ಡಿಕಿ ಬೆಟ್ಸ್ 2000ದಲ್ಲೇ ತಂಡದಿಂದ ದೂರವಾಗಿದ್ದರು. ಅವರೂ ಅಲ್ಲಿರಬೇಕಿತ್ತು ಎಂಬ ಕೊರಗು ನನಗೆ ಇದ್ದೇ ಇದೆ. ಕೊನೆಗೆ ‘ಲೈಲಾ’ ಬಂದಾಗ, ಉತ್ತರಾರ್ಧದಲ್ಲಿ ಡ್ವೇನ್ ನುಡಿಸಿದ್ದ ಸ್ಲೈಡ್ ಭಾಗವು ಡೆರೆಕ್ ಅವರ ಪಾಲಿಗೆ ಬರುತ್ತದೆ. ಆ ಹಾಡಿನ ಒಡೆಯರಾದ ಕ್ಲಾಪ್ಟನ್, ಅಲ್ಲಿ ಡೆರೆಕ್ ಅವರನ್ನೇ ಮುಂದೆ ಬಿಟ್ಟು ತಾವು ಜೊತೆಗೂಡುತ್ತಾರೆ.