ಪೀಪಿ ಊದಿದವರೂ ನಾವೂ

ರಜೆ ದಿನ ಸುಮಾರು ನಾಲ್ಕು ಗಂಟೆ ಉದ್ದದ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ವಿಡಿಯೊದಲ್ಲಿ ನೋಡೋಣ ಅಂದಾಗ ಅಕ್ಕ ಒಪ್ಪಿದ್ದು ಒಂದೇ ಕಾರಣಕ್ಕೆ. 1976ರಲ್ಲಿ ಈ ಪ್ರಯೋಗ ನಡೆದಾಗ ಜನ ಥಿಯೇಟರ್ ಒಳಗೆ ಪೀಪಿ ಊದಿ ಗಲಾಟೆ ಮಾಡಿದ್ದರು ಅಂತ ಹೇಳಿದ್ದೆ. "ಅಂಥದ್ದೇನಪ್ಪ ಇದೆ ಅದರಲ್ಲಿ, ನೋಡೇ ಬಿಡೋಣ" ಅಂದಳು.

ಜರ್ಮನಿಯ ಬೈರಾಯ್ಟ್‌ನಲ್ಲಿ ಸಂಗೀತಗಾರ ವಾಗ್ನರ್ ತನ್ನ ಒಪೆರಾಗಳಿಗೆಂದೇ ಕಟ್ಟಿಸಿದ ಥಿಯೇಟರ್ ಇದೆ. ರೈನ್ ನದಿಯಿಂದ ಕದ್ದ ಚಿನ್ನದ ಉಂಗುರಕ್ಕಾಗಿ ನಡೆಯುವ ಕಾದಾಟದ ಕಥೆ, ನಾಲ್ಕು ಒಪೆರಾಗಳ ‘ರಿಂಗ್’, ಅಲ್ಲಿ ಮೊದಲು ಪೂರ್ತಿಯಾಗಿ ಪ್ರದರ್ಶನವಾಗಿದ್ದು 1876ರಲ್ಲಿ. ನೂರನೇ ವರ್ಷಕ್ಕೆ ಹೊಸ ‘ರಿಂಗ್’ ಮಾಡಿಸಲು ವಾಗ್ನರ್‌ನ ಮೊಮ್ಮಗ ವೋಲ್ಫ್‌ಗಾಂಗ್ ಕರೆಸಿದ್ದು ಪಾತ್ರಿಸ್ ಶೆರೋ ಎಂಬ ಫ್ರೆಂಚ್ ನಿರ್ದೇಶಕನನ್ನು. ವಯಸ್ಸು 31. ನಾಟಕದವನು, ಒಪೆರಾ ಮಾಡಿಸಿದ್ದು ಕಡಿಮೆ. ಸಂಗೀತ ನಡೆಸಿದ ಪಿಯೆರ್ ಬುಲೇಜ್ ಕೂಡ ಫ್ರೆಂಚ್. ಹಳೆಯ ಭಕ್ತರ ಹೊಟ್ಟೆಯುರಿಗೆ ಇಷ್ಟೇ ಸಾಕಿತ್ತು. ಪರದೆ ಎದ್ದರೆ ರೈನ್ ನದಿಯ ಜಾಗದಲ್ಲಿ ಜಲವಿದ್ಯುತ್ ಅಣೆಕಟ್ಟು! ದೇವತೆಗಳು ಹತ್ತೊಂಬತ್ತನೇ ಶತಮಾನದ ಸಾಹುಕಾರರ ವೇಷದಲ್ಲಿ. ಕೂಗಾಟ, ಕರಪತ್ರ, ಪೀಪಿ, ಎಲ್ಲವೂ ಆಯಿತು.

ನಾವು ನೋಡಿದ್ದು ಎರಡನೇ ಒಪೆರಾ, ‘ವಾಲ್ಕ್ಯೂರೆ’. ಮೊದಲ ಅಂಕ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ದೇವರಾಜ ವೋಟಾನ್ ಮಗಳ ಮುಂದೆ ತನ್ನ ಸೋಲಿನ ಕಥೆ ಹೇಳಿಕೊಳ್ಳುವ ಉದ್ದನೆಯ ಭಾಗ ಬರುತ್ತದೆ. ನಾನು ಹಿಂದೆ ಬರೀ ಆಡಿಯೊ ಕೇಳುವಾಗ ಇದನ್ನು ಹಾರಿಸಿಬಿಡುತ್ತಿದ್ದೆ. ಇಲ್ಲಿ ಅವನು ದೊಡ್ಡ ಕನ್ನಡಿಯ ಮುಂದೆ ನಿಂತು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಕೋಣೆಯ ನಡುವೆ ಮೇಲಿನಿಂದ ಇಳಿಬಿಟ್ಟ ಲೋಲಕ ತೂಗುತ್ತಲೇ ಇರುತ್ತದೆ. "ಅಂತ್ಯ" ಅನ್ನುವ ಮಾತು ಬಂದಾಗ ಅದನ್ನು ಕೈಯಿಂದ ಹಿಡಿದು ನಿಲ್ಲಿಸುತ್ತಾನೆ. ಅಕ್ಕ ಫೋನ್ ಪಕ್ಕಕ್ಕಿಟ್ಟಳು.

ಆಮೇಲೆ ವೋಟಾನ್‌ನ ಮಗ ಸೀಗ್ಮುಂಡ್‌ನ ಸಾವು. ಮಗನ ಕತ್ತಿ ಮುರಿಯುವುದು ಅಪ್ಪನ ಈಟಿಯೇ. ಇನ್ನೇನು ಸಾಯುವಾಗ ಮಗ ಅಪ್ಪನನ್ನು ಗುರುತು ಹಿಡಿಯುತ್ತಾನೆ, ವೋಟಾನ್ ಅವನನ್ನು ತಬ್ಬಿಕೊಳ್ಳುತ್ತಾನೆ. ವಾಗ್ನರ್‌ನ ಸೂಚನೆಯಲ್ಲಿ ಈ ಅಪ್ಪುಗೆ ಇಲ್ಲ. ಅಕ್ಕ ವಿಡಿಯೊ ಹಿಂದಕ್ಕೆ ಹಾಕಿ ಇನ್ನೊಂದು ಸಲ ನೋಡಿದಳು. "ಇದಕ್ಕಾ ಕಣೋ ಗಲಾಟೆ ಮಾಡಿದ್ದು?"

ಇಲ್ಲೇ ನನಗೆ ಒಂದು ತಕರಾರು. ಈ ಕಥೆ ಹೇಳುವವರು ಸಾಮಾನ್ಯವಾಗಿ ಹೇಳುವುದು ಹೀಗೆ: 1976ರಲ್ಲಿ ದಡ್ಡ ಪ್ರೇಕ್ಷಕರು ಬೈದರು, 1980ರ ಕೊನೆಯ ಪ್ರದರ್ಶನಕ್ಕೆ ಬುದ್ಧಿ ಬಂದು ಒಂದು ಗಂಟೆಗೂ ಜಾಸ್ತಿ ಚಪ್ಪಾಳೆ ಹೊಡೆದರು. ಕೇಳೋಕೆ ಚೆಂದ. ಆದರೆ ನಡುವೆ ಶೆರೋ ಸುಮ್ನೆ ಕೂತಿರಲಿಲ್ಲ, ಅಲ್ವಾ? ಪ್ರತಿ ಬೇಸಿಗೆಯಲ್ಲೂ ತಿದ್ದಿದ. ರಂಗಸಜ್ಜಿಕೆ ಮಾಡಿದ ರಿಶಾರ್ ಪೆದುಜ್ಜಿ ವಾಲ್ಕ್ಯೂರೆಯರ, ಅಂದರೆ ವೋಟಾನ್‌ನ ವೀರಪುತ್ರಿಯರ, ಬಂಡೆಯನ್ನು ಮರುವರ್ಷವೇ ಬದಲಿಸಿದರು. ನಾವು ನೋಡುವ ವಿಡಿಯೊ 1979, 1980ರದ್ದು, ಅಂದರೆ ಚೆನ್ನಾಗಿ ಪಳಗಿದ ಪ್ರಯೋಗ. ಅದರ ಮೇಲೆ ವಿಡಿಯೊ ನಿರ್ದೇಶಿಸಿದ ಬ್ರಯಾನ್ ಲಾರ್ಜ್‌ನ ಕ್ಯಾಮೆರಾ ಮುಖದ ಹತ್ತಿರವೇ ಹೋಗುತ್ತದೆ. ಹಿಂದಿನ ಸಾಲಿನ ಮರದ ಕುರ್ಚಿಯಲ್ಲಿ ಕೂತವನಿಗೆ ಈ ಭಾಗ್ಯ ಎಲ್ಲಿಂದ ಬರಬೇಕು? ಪೀಪಿ ಊದಿದ್ದು ಸರಿ ಅನ್ನುತ್ತಿಲ್ಲ. ಅವರು ನೋಡಿದ್ದೂ ನಾವು ನೋಡಿದ್ದೂ ಒಂದೇ ಅಲ್ಲ, ಅಷ್ಟೇ.

ಇನ್ನು ಕೆಲವು ವಿಮರ್ಶಕರು ಇದನ್ನು ಹೊಸ ಹುಚ್ಚು ಅಂದದ್ದು ನನಗೆ ಹಿಡಿಸುವುದಿಲ್ಲ. ಈ ಚಿನ್ನದ ಕಥೆ ಬಂಡವಾಳದ ಕಥೆಯೇ ಅಂತ ನಾಟಕಕಾರ ಬರ್ನಾರ್ಡ್ ಶಾ 1898ರಲ್ಲೇ ಬರೆದಾಗಿತ್ತು.

ರಾತ್ರಿ ಮೂರನೇ ಒಪೆರಾದ ಒಂದು ತುಣುಕನ್ನೂ ಹಾಕಿದೆ. ಸೀಗ್ಮುಂಡ್‌ನ ಮಗ, ಕಥೆಯ ವೀರ ಸೀಗ್‌ಫ್ರೀಡ್ ಕತ್ತಿ ಮಾಡಿಕೊಳ್ಳುವ ಜಾಗದಲ್ಲಿ ಶೆರೋ ದೊಡ್ಡ ಯಂತ್ರವೊಂದನ್ನು ತಂದು ನಿಲ್ಲಿಸಿದ್ದಾನೆ. ಅಕ್ಕನ ಮುಖ ಸಪ್ಪಗಾಯಿತು.

"ಇದು ಮೋಸ. ಅಷ್ಟು ಜೋರಾಗಿ ಹಾಡ್ತಾನೆ, ಕೆಲಸ ಮಾತ್ರ ಯಂತ್ರ ಮಾಡುತ್ತೆ."

"ಅದೇ ಅಲ್ವೇನೇ ಅವನು ಹೇಳೋದು? ನಾವು ವೀರ ಅನ್ನೋನು ಯಂತ್ರದ ಮುಂದೆ ನಿಂತ ಹುಡುಗ."

"ಹಾಗಾದ್ರೆ ಸಂಗೀತದಲ್ಲಿ ಬರೋ ಸುತ್ತಿಗೆ ಪೆಟ್ಟು ಯಾರದ್ದು?"

ಉತ್ತರ ಹುಡುಕೋಣ ಅಂತ ತುಣುಕನ್ನು ಮತ್ತೆ ಮೊದಲಿನಿಂದ ಹಾಕಿದೆ. ಸುತ್ತಿಗೆ ಅವನ ಕೈಯಲ್ಲೂ ಇದೆ ಅಂತ ನಾನು, ಅದು ಬರೀ ತೋರಿಕೆಗೆ ಅಂತ ಅವಳು.