ಗಂಗಿ, ಭೀಮ ಮತ್ತು ಬಳ್ಳಾರಿ ಜಾಲಿ

ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ ಬಿಡುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ತಮ್ಮ ಆಗಲೇ ಎದ್ದು ಕಿಟಕಿ ಪಕ್ಕ ಕೂತಿದ್ದ. ಕೈಯಲ್ಲಿ ಮೊಬೈಲ್. ನನ್ನನ್ನು ತಟ್ಟಿ ಎಬ್ಬಿಸಿ, "ಅಣ್ಣ, ಇದೊಂದು ನೋಡು" ಅಂದ. ಒಣ ಹುಲ್ಲಿನ ಬಯಲು, ಅದರೊಳಗೆ ಓಡುತ್ತಿರುವ ಕಪ್ಪು ಹಂದಿ. ಹಿಂದಿನಿಂದ ಒಂದು ನಾಯಿ ಸದ್ದಿಲ್ಲದೆ ಬಂತು. ಬಂದದ್ದೇ ಹಂದಿಯ ಕಿವಿ ಹಿಡಿಯಿತು. ಹಂದಿ ಗಿರಗಿರ ತಿರುಗಿತು, ನಾಯಿ ಬಿಡಲಿಲ್ಲ.

ತಮ್ಮ ನನ್ನ ಚಿಕ್ಕಪ್ಪನ ಮಗ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಆರು ವರ್ಷ ಇದ್ದು ಬಂದಿದ್ದಾನೆ. ಅಲ್ಲಿ ಹಂದಿ ಆ ನೆಲದ ಪ್ರಾಣಿ ಅಲ್ಲ. 1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳಲ್ಲಿ ಸಾಕು ಹಂದಿಗಳು ಬಂದವು. ಆಮೇಲೆ ತಪ್ಪಿಸಿಕೊಂಡವು ಕಾಡು ಸೇರಿ ಬೆಳೆದವು. ಈಗ ಅದನ್ನು ಅಲ್ಲಿ ಪಿಡುಗು ಅಂತಲೇ ಲೆಕ್ಕ ಹಾಕುತ್ತಾರೆ, ನಾಯಿ ಬಿಟ್ಟು ಹಿಡಿಯುತ್ತಾರೆ. ಅದಕ್ಕೆಂದೇ ಬುಲ್ ಅರಬ್ ಅನ್ನುವ ಮಿಶ್ರ ತಳಿ ಮಾಡಿಕೊಂಡಿದ್ದಾರೆ. ಬುಲ್ ಟೆರಿಯರ್‌ನ ದವಡೆ, ಗ್ರೇಹೌಂಡ್‌ನ ಕಾಲು, ಜರ್ಮನ್ ಪಾಯಿಂಟರ್‌ನ ಮೂಗು. ನಾಯಿಯ ಎದೆಗೆ ದಪ್ಪ ಬಟ್ಟೆಯ ಕವಚ, ಕೊರಳಿಗೆ ಜಿಪಿಎಸ್ ಪಟ್ಟಿ.

ಇದರ ಲೆಕ್ಕಾಚಾರ ಏನು ಅಂತ ತಮ್ಮ ದಾರಿಯುದ್ದಕ್ಕೂ ಬಿಡಿಸಿ ಹೇಳಿದ. ಹಂದಿಯನ್ನು ಸುತ್ತುವರಿದು ಬೊಗಳಿ ನಿಲ್ಲಿಸುವ ನಾಯಿಗಳೇ ಬೇರೆ, ನುಗ್ಗಿ ಹಿಡಿಯುವ ನಾಯಿಗಳೇ ಬೇರೆ. ಬುಲ್‌ಡಾಗ್ ಜಾತಿಯದು ಹಿಡಿದರೆ ಬಿಡುವುದಿಲ್ಲ. ಆದರೆ ದೂರ ಓಡಲಾರದು, ಬಿಸಿಲಿಗೆ ಬೇಗ ಸೋಲುತ್ತದೆ. ಗ್ರೇಹೌಂಡ್ ಥರದ್ದು ಮೂಗಿಗಿಂತ ಕಣ್ಣು ನಂಬಿ ಓಡುವ ನಾಯಿ. ಕಂಡರೆ ಸಾಕು, ಮುಟ್ಟಿಯೇ ಬಿಡುತ್ತದೆ. ಮುಟ್ಟಿದ ಮೇಲೆ ಹಂದಿಯ ಎದುರು ಅದರ ಮೈ ನಿಲ್ಲುವುದಿಲ್ಲ. ಎರಡನ್ನೂ ಬೆರೆಸಿದರೆ ಬಯಲಿನಲ್ಲಿ ಓಡಿ ಹಿಡಿಯುವ ನಾಯಿ ಸಿಗುತ್ತದೆ. "ನಮ್ಮ ಮುಧೋಳ ನಾಯಿಗೆ ಇದೇ ಥರ ಮಿಶ್ರಣ ಮಾಡಿದರೆ ಕಾಕಾನ ಹೊಲಕ್ಕೆ ಹಂದಿ ಕಾಲಿಡುತ್ತಾ?" ಅಂದ. ನಮ್ಮ ಪ್ರಯಾಣವೇ ಅದಕ್ಕಾಗಿ. ಮೊದಲು ಗಂಗಾವತಿ ಕಡೆ ಕಾಕಾನ ಹೊಲ ನೋಡುವುದು, ಅಲ್ಲಿಂದ ಕುಷ್ಟಗಿ, ಇಳಕಲ್ ಮೇಲೆ ಮುಧೋಳಕ್ಕೆ ಹೋಗಿ ಮರಿ ತರುವುದು.

ಹೊಸಪೇಟೆಯಲ್ಲಿ ಇಳಿದು ಒಗ್ಗರಣೆ, ಮಿರ್ಚಿ ತಿಂದು ಬಸ್ ಹತ್ತಿದೆವು. ಸೆಪ್ಟೆಂಬರ್ ಕೊನೆಯ ವಾರ. ಎಡಕ್ಕೆ ತುಂಗಭದ್ರಾ ಅಣೆಕಟ್ಟು ತುಂಬಿ ನಿಂತಿತ್ತು. ನದಿ ದಾಟಿದರೆ ಕೊಪ್ಪಳ ಜಿಲ್ಲೆ. ಕಾಲುವೆ ನೀರು ಹರಿದಲ್ಲೆಲ್ಲ ಭತ್ತದ ಹಸಿರು, ಅದರ ಆಚೆ ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡ. ಆ ಹಸಿರಿಗೂ ಬಂಡೆಗೂ ನಡುವೆ ಇರುವುದು ಬಳ್ಳಾರಿ ಜಾಲಿ. ಮೆಕ್ಸಿಕೊ ಕಡೆಯಿಂದ ಬಂದ ಗಿಡ, ನಮ್ಮಲ್ಲಿ ಈ ಹೆಸರು ಪಡೆದು ಹಳ್ಳ, ಗೋಮಾಳ, ಬದು ಎಲ್ಲವನ್ನೂ ತುಂಬಿಕೊಂಡಿದೆ. ಕಾಕಾನ ಊರು ಹಿರೇಬೆಣಕಲ್ ಗುಡ್ಡದ ಸಾಲಿನ ಬುಡದಲ್ಲಿದೆ. ಅಲ್ಲಿ ಗುಡ್ಡದಿಂದ ಹೊಲದ ತನಕ ಜಾಲಿಯೇ ದಾರಿ. ಹಗಲಿಡೀ ಹಂದಿ ಅದರೊಳಗೆ ಮಲಗಿರುತ್ತದೆ.

ಕಾಕಾ ನಮ್ಮಪ್ಪನ ಹಳೆಯ ಗೆಳೆಯರು. ಅಂಗಳಕ್ಕೆ ಕಾಲಿಡುತ್ತಲೇ ಎರಡು ನಾಯಿ ಎದ್ದು ನಿಂತವು. ಗಂಗಿ ಮುಧೋಳದ್ದು. ಸಣ್ಣ ಸೊಂಟ, ಆಳದ ಎದೆ, ಉದ್ದ ಮುಖ. ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು, ಆದರೆ ಬಡಕಲಲ್ಲ. ನನ್ನನ್ನು ಒಮ್ಮೆ ನೋಡಿ ಮತ್ತೆ ದೂರದ ಗುಡ್ಡ ನೋಡುತ್ತಾ ನಿಂತಳು. ಭೀಮ ಅವಳ ಮಗ. ಅಪ್ಪ ಹೊಸಪೇಟೆ ಕಡೆಯ ಯಾರದೋ ಪಿಟ್‌ಬುಲ್. ಕಾಲು ಅವ್ವನದು, ತಲೆ ಅಪ್ಪನದು. ಕೆನ್ನೆಯ ಸ್ನಾಯು ಮುಷ್ಟಿ ಕಟ್ಟಿದ ಹಾಗೆ. ತಮ್ಮ ಕೆಳಗೆ ಕೂತು ಅವನ ತಲೆ ಎರಡು ಕೈಯಲ್ಲಿ ಹಿಡಿದುಕೊಂಡ. "ಅಣ್ಣ, ನಾನು ಹೇಳಿದ ನಾಯಿ ಇಲ್ಲೇ ಇದೆಯಲ್ಲ!" ಅಂದ.

ಗಂಗಿಯ ಎಡ ಭುಜದ ಮೇಲೆ ಕೂದಲಿಲ್ಲದ ಒಂದು ಗೆರೆ ಇತ್ತು. ಬೆರಳಿಟ್ಟು ನೋಡಿದೆ. ಚರ್ಮ ಎಷ್ಟು ತೆಳು ಅಂದರೆ ಕೆಳಗಿನ ನರ ಓಡುವುದು ಬೆರಳಿಗೆ ಗೊತ್ತಾಗುತ್ತದೆ. "ಅದು ಜಾಲಿ ಮುಳ್ಳು ಹರದಿದ್ದು" ಅಂದರು ಕಾಕಾ. "ಹಂದಿ ಮುಟ್ಟಿದ್ದಲ್ಲ. ಹಂದಿ ಹತ್ರ ಆಕಿ ಹೋಗಂಗಿಲ್ಲ. ಓಡಸ್ತಾಳ, ಸಿಳ್ಳಿ ಹಾಕಿದ್ರ ಬರ್ತಾಳ. ಆಕಿಗೆ ಬುದ್ಧಿ ಐತಿ."

ಭೀಮನನ್ನು ಸಾಕಿದ್ದು ಕಾಕಾನ ಮಗನ ಆಸೆಗಂತೆ. ಕಾಕಾ ಹುಡುಗರಾಗಿದ್ದಾಗ ಯುಗಾದಿ ಮರುದಿನ ಊರ ಗಂಡಸರೆಲ್ಲ ನಾಯಿ ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದರು. ಮೊಲ ಸಿಕ್ಕರೆ ಮೊಲ, ಹಂದಿ ಸಿಕ್ಕರೆ ಹಂದಿ. ಈಗ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಿದೆ. 2022ರ ತಿದ್ದುಪಡಿಯಲ್ಲಿ ಕಾಡಹಂದಿಯನ್ನು ಎರಡನೇ ಪಟ್ಟಿಗೆ ಸೇರಿಸಿದ್ದಾರೆ. ಬೇಟೆಯಾಡಿದರೆ ಜೈಲು. "ಓಡಸಾಕ ನಾಯಿ ಬೇಕು, ಹಿಡ್ಯಾಕ ಅಲ್ಲ" ಅಂತ ಕಾಕಾ ಎರಡು ಸಲ ಹೇಳಿದರು. ಎರಡನೇ ಸಲ ಹೇಳುವಾಗ ಮಗನ ಮುಖ ನೋಡಿದರು.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಉಂಡು ಗುಡ್ಡ ಹತ್ತಿದೆವು. ಹಿರೇಬೆಣಕಲ್‌ಗೆ ಹೋಗಿ ಮೊರೇರ ಗುಡ್ಡ ಹತ್ತದೆ ಬರಬಾರದು. ಕಲ್ಲು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ನೂರಾರು ಗೋರಿಗಳು. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆ ಕಿಂಡಿ. ಎರಡು ಸಾವಿರ ವರ್ಷಕ್ಕಿಂತ ಹಳೆಯವು. ಅಷ್ಟು ಎತ್ತರದಲ್ಲಿ, ಅಷ್ಟು ಗಾಳಿಯಲ್ಲಿ, ಯಾರೋ ತಮ್ಮವರಿಗೆ ಕಟ್ಟಿದ ಮನೆಗಳು. ನನಗೆ ಅಲ್ಲಿ ಜೋರಾಗಿ ಮಾತಾಡಲು ಮನಸ್ಸಾಗಲಿಲ್ಲ. ದಾರಿಯ ಬಂಡೆಯ ಆಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಆಯುಧ ಹಿಡಿದ ಮನುಷ್ಯರು, ಪ್ರಾಣಿಗಳು. ಆಗಲೂ ಈ ಬಯಲಿನಲ್ಲಿ ಬೇಟೆ ಇತ್ತು.

ಅಲ್ಲೇ ನೆರಳಿಗೆ ಕೂತು ತಮ್ಮನಿಗೆ ಆತಕೂರಿನ ಕಲ್ಲಿನ ಕಥೆ ಹೇಳಿದೆ. ಮಂಡ್ಯ ಕಡೆಯ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಹತ್ತನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಗಂಗರ ಬೂತುಗ ಒಂದು ಕಡೆ, ಚೋಳ ರಾಜಾದಿತ್ಯ ಇನ್ನೊಂದು ಕಡೆ. ಬೂತುಗನ ಕಡೆಯ ಮಣಲೇರ ಅನ್ನುವ ವೀರ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂದಾಗ ಅವನು ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿ ಕೇಳಿದ. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಎದುರುಬದುರು ಇವೆ. ಕನ್ನಡದಲ್ಲಿ ಒಂದು ನಾಯಿಗೆ ಇಂಥ ಗೌರವ ಸಿಕ್ಕಿದೆ ಅಂತ ನನಗೆ ಯಾವಾಗಲೂ ಹೆಮ್ಮೆ. ಅವತ್ತು ಹೇಳುವಾಗಲೂ ಹೆಮ್ಮೆಯಿಂದಲೇ ಹೇಳಿದೆ. ತಮ್ಮ ಕಣ್ಣರಳಿಸಿ ಕೇಳಿದ.

ರಾತ್ರಿ ಹೊಲದ ಅಟ್ಟದ ಮೇಲೆ ಮಲಗಿದೆವು. ನಾಲ್ಕು ಕಂಬ, ಮೇಲೆ ಹಲಗೆ, ಅದರ ಮೇಲೆ ಕಂಬಳಿ. ಕೆಳಗೆ ಗೋವಿನಜೋಳ ತೆನೆ ಬಲಿತು ನಿಂತಿತ್ತು. ಪಕ್ಕದ ಶೇಂಗಾ ಹೊಲವನ್ನು ಹಿಂದಿನ ವಾರವೇ ಹಂದಿ ಉತ್ತು ಹೋಗಿದ್ದವು. ಉತ್ತು ಅನ್ನುವುದು ಸರಿಯಾದ ಮಾತು. ನೇಗಿಲು ಹೊಡೆದ ಹಾಗೆ ಮಣ್ಣು ತಿರುವಿ ಬಿದ್ದಿತ್ತು, ಬಳ್ಳಿ ಬೇರು ಮೇಲಾಗಿ ಒಣಗಿತ್ತು. ಪರಿಹಾರಕ್ಕೆ ಅರ್ಜಿ ಕೊಡಬಹುದು. ಫೋಟೊ, ಪಹಣಿ, ಓಡಾಟ. ಕಾಕಾ ಒಂದು ಸಲ ಕೊಟ್ಟು, ಬಂದ ಹಣ ನೋಡಿ ಸುಮ್ಮನಾಗಿದ್ದಾರೆ. ಈ ನಷ್ಟ ಕಣ್ಣಾರೆ ಕಂಡವರು ರೈತರ ಸಿಟ್ಟನ್ನು ಹಗುರವಾಗಿ ಮಾತಾಡಲಾರರು.

ಎರಡು ಗಂಟೆ ದಾಟಿರಬೇಕು. ಕಟ್, ಕಟ್ ಅಂತ ದಂಟು ಮುರಿಯುವ ಸದ್ದು. ಕಾಕಾ ಡಬ್ಬ ಬಡಿದರು, ಟಾರ್ಚ್ ಬಿಟ್ಟರು, ಗಂಗಿಯ ಹಗ್ಗ ಕಳಚಿದರು. ಅವಳು ಬೊಗಳಲೇ ಇಲ್ಲ. ಬದುವಿನ ಮೇಲೆ ಒಂದು ಬಿಳಿ ಗೆರೆ ಎಳೆದ ಹಾಗೆ ಹೋದಳು. ತೆನೆಯೊಳಗೆ ಬುಸುಗುಡುವ ಸದ್ದು, ಆಮೇಲೆ ಹತ್ತು ಹನ್ನೆರಡು ಮೈಗಳು ಜಾಲಿ ಕಡೆ ನುಗ್ಗಿದ ಸದ್ದು. ಮರಿಗಳಿದ್ದ ಹಿಂಡು. ಕಾಕಾ ಸಿಳ್ಳೆ ಹಾಕಿದರು. ಗಂಗಿ ಬಂದು ಅಟ್ಟದ ಕೆಳಗೆ ನಿಂತಳು, ನಾಲಿಗೆ ಹೊರಗೆ. ಎಲ್ಲ ಸೇರಿ ಎರಡು ನಿಮಿಷವೂ ಇಲ್ಲ. ಅಷ್ಟು ಚೆಂದದ ಕೆಲಸ ನಾನು ನೋಡಿಲ್ಲ.

ಆಗ ಭೀಮನ ಸರಪಳಿಯ ಕೊಂಡಿ ಕಿತ್ತಿತು.

ಅವನು ಗಂಗಿ ಹೋದ ದಾರಿಯಲ್ಲೇ ಹೋದ. ಆದರೆ ಜಾಲಿಯ ಅಂಚಿಗೆ ನಿಲ್ಲಲಿಲ್ಲ, ಒಳಗೆ ಹೋದ. ಕಾಕಾ ಸಿಳ್ಳೆ ಹಾಕಿದರು, ಹೆಸರು ಹಿಡಿದು ಕೂಗಿದರು. ಒಳಗಿನಿಂದ ಹಂದಿಯ ಚೀರಾಟ ಒಂದೇ ಸಮ ಕೇಳಿತು. ಅಂದರೆ ಹಿಡಿದಿದ್ದಾನೆ. ಬಿಡುತ್ತಿಲ್ಲ. ಆ ಜಾಲಿಯೊಳಗೆ ರಾತ್ರಿ ಮನುಷ್ಯ ನುಗ್ಗುವಂತಿಲ್ಲ. ಆ ಗುಡ್ಡದಲ್ಲಿ ಕರಡಿಯೂ ಇದೆ, ಚಿರತೆಯೂ ಇದೆ. ತಮ್ಮ ನನ್ನ ತೋಳು ಹಿಡಿದಿದ್ದ. ಆಮೇಲೆ ಸದ್ದು ನಿಂತಿತು. ನಿಂತದ್ದು ಚೀರಾಟಕ್ಕಿಂತ ಕೆಟ್ಟದಾಗಿತ್ತು.

ಅರ್ಧ ಗಂಟೆಯ ಮೇಲೆ ಭೀಮ ತಾನೇ ಬಂದ. ಬದುವಿನ ತನಕ ಬಂದು ಕೂತ. ಟಾರ್ಚ್ ಬೆಳಕಿಗೆ ನೋಡಿದರೆ ಎದೆಯಿಂದ ಮುಂಗಾಲ ಸಂದಿನವರೆಗೆ ಒಂದು ಗೇಣು ಬಾಯಿ ಬಿಟ್ಟಿತ್ತು. ಹಿಂಡು ಹೋದ ಮೇಲೂ ಅಲ್ಲಿ ಒಂಟಿ ಗಂಡು ಇತ್ತು, ಬೆಳಗ್ಗೆ ಕಾಕಾನ ಮಗ ಹೆಜ್ಜೆ ನೋಡಿ ಹೇಳಿದ. ಗಂಡುಹಂದಿಯ ಕೆಳಗಿನ ಕೋರೆ ಮೇಲಿನ ಕೋರೆಗೆ ದಿನಾ ಉಜ್ಜಿ ಉಜ್ಜಿ ಚೂರಿಯ ಹಾಗೆ ಹರಿತವಾಗುತ್ತದೆ. ಅದರ ಭುಜದ ಮೇಲೆ ಗಟ್ಟಿ ಗುರಾಣಿಯಂಥ ಚರ್ಮ ಇರುತ್ತದೆ, ಗಂಡುಗಂಡು ಕಾದಾಡುವಾಗ ಕಾಯಲು. ಭೀಮನಿಗೆ ಅಂಥದ್ದೇನೂ ಇಲ್ಲ. ಹಿಡಿಯುವ ಹಠ ಅಪ್ಪನಿಂದ ಬಂದಿದೆ, ಚರ್ಮ ಅವ್ವನಿಂದ ಬಂದಿದೆ. ತಳಿ ಬೆರೆಸುವವರು ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುತ್ತೇವೆ ಅಂದುಕೊಳ್ಳುತ್ತಾರೆ. ಬಂದದ್ದು ಇದು.

ಕಾಕಾ ತಮ್ಮ ಲುಂಗಿ ಹರಿದು ಬಿಗಿಯಾಗಿ ಸುತ್ತಿದರು. ಪಕ್ಕದ ಮನೆಯ ಟಾಟಾ ಏಸ್ ತೆಗೆದುಕೊಂಡು ಗಂಗಾವತಿಗೆ ಹೊರಟೆವು. ತಮ್ಮ ಹಿಂದೆ ಕೂತು ಭೀಮನ ತಲೆ ತೊಡೆ ಮೇಲೆ ಇಟ್ಟುಕೊಂಡಿದ್ದ. ಮೊದಲು ಹೋದ ಕಡೆ ಬಾಗಿಲು ಮುಚ್ಚಿತ್ತು, ಫೋನ್ ಎತ್ತಲಿಲ್ಲ. ಎರಡನೇ ಕಡೆ ಒಬ್ಬ ಹುಡುಗ ಡಾಕ್ಟರ್ ನಿದ್ದೆಗಣ್ಣಲ್ಲೇ ಬಾಗಿಲು ತೆಗೆದರು. ಮೇಜಿನ ಮೇಲೆ ಮಲಗಿಸಿ ಸೂಜಿ ಚುಚ್ಚಿದ ಮೇಲೆ ಭೀಮನ ದವಡೆ ಸಡಿಲವಾಯಿತು. ಹಲ್ಲಿನ ಸಂದಿಯಲ್ಲಿ ಹಂದಿಯ ಕೂದಲು ಸಿಕ್ಕಿಕೊಂಡಿತ್ತು. ಕಪ್ಪಗೆ, ಬಿರುಸಾಗಿ, ತುದಿ ಸೀಳಿದ ಕೂದಲು. ಡಾಕ್ಟರ್ ಅದನ್ನು ಚಿಮಟದಲ್ಲಿ ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕಿದರು. ಒಳಗಿನ ಸ್ನಾಯುವಿಗೆ ಒಂದು ಸಾಲು ಹೊಲಿಗೆ, ಚರ್ಮಕ್ಕೆ ಇನ್ನೊಂದು ಸಾಲು. ನಂಜು ಹೊರಗೆ ಬರಲು ಒಂದು ಸಣ್ಣ ರಬ್ಬರ್ ನಳಿಕೆ. "ಇನ್ನೊಂದು ಇಂಚು ಒಳಗೆ ಹೋಗಿದ್ದರೆ ಶ್ವಾಸಕೋಶ. ಆಮೇಲೆ ನನ್ನ ಕೈಲಿ ಏನೂ ಇರ್ತಿರಲಿಲ್ಲ" ಅಂದರು.

ಹೊರಗೆ ಚಹಾದ ಅಂಗಡಿ ತೆರೆಯುತ್ತಿತ್ತು. ತಮ್ಮನ ಅಂಗಿಯೆಲ್ಲ ರಕ್ತ. ಗ್ಲಾಸು ಕೈಯಲ್ಲಿ ಹಿಡಿದೇ ಇದ್ದ, ಕುಡಿಯಲಿಲ್ಲ.

"ಅಣ್ಣ, ಆ ಕಾಳಿ ಹಂದೀನ ಬಿಟ್ಟು ವಾಪಸ್ ಬಂದಿದ್ದರೆ ಕಲ್ಲು ನಿಲ್ಲಿಸ್ತಿದ್ದರಾ?"

ನಾನು ಏನೂ ಹೇಳಲಿಲ್ಲ. ಎರಡು ನಿಮಿಷದಲ್ಲಿ ಹೊಲ ಖಾಲಿ ಮಾಡಿಸಿ, ಸಿಳ್ಳೆಗೆ ಬಂದು ಅಟ್ಟದ ಕೆಳಗೆ ನಿಂತ ಗಂಗಿಯೇ ಕಣ್ಣ ಮುಂದೆ ಇದ್ದಳು.

ಆಸ್ಟ್ರೇಲಿಯಾದ ನಾಯಿಗಳ ಬಗ್ಗೆ ಅವನು ರೈಲಿನಲ್ಲಿ ಹೇಳದೆ ಬಿಟ್ಟದ್ದನ್ನು ಆಗ ಹೇಳಿದ. ಕವಚ ಹಾಕಿದರೂ ಎಷ್ಟೋ ನಾಯಿಗಳು ಸೀಳಿಸಿಕೊಂಡು ಬರುತ್ತವಂತೆ. ಹಂದಿಯಿಂದ ಬ್ರುಸೆಲ್ಲಾ ರೋಗವೂ ಅಂಟುತ್ತದೆ, ನಾಯಿಯಿಂದ ಮನುಷ್ಯರಿಗೂ ಬರಬಹುದು. "ವಿಡಿಯೊದಲ್ಲಿ ಅದೆಲ್ಲ ಇರಲ್ಲ" ಅಂದ.

ಮರುದಿನ ಮಧ್ಯಾಹ್ನ ಕುಷ್ಟಗಿ ಬಸ್ ಹತ್ತಿದೆವು. ಮುಧೋಳಕ್ಕೆ ಹೋಗುವುದನ್ನು ತಮ್ಮ ಬಿಡಲಿಲ್ಲ. ಕಾಕಾನಿಗೆ ಗಂಗಿಯ ಜೊತೆಗೆ ಇನ್ನೊಂದು ಹೆಣ್ಣುಮರಿ ಕೊಡಿಸುತ್ತಾನಂತೆ, ಅಪ್ಪ ಅವ್ವ ಎರಡೂ ಮುಧೋಳದ್ದೇ ಇರುವುದು. ಹೊಲದ ಸುತ್ತ ಸೋಲಾರ್ ಬೇಲಿಗೆ ಎಷ್ಟಾಗುತ್ತದೆ ಅಂತ ಕಾಕಾನ ಮಗನ ಜೊತೆ ಕೂತು ಲೆಕ್ಕವನ್ನೂ ಹಾಕಿದ್ದ. ಗುಡ್ಡ ಹಿಂದೆ ಸರಿದು ಎರಿ ಹೊಲದ ಬಯಲು ಬಂತು. ಜೋಳ, ತೊಗರಿ, ಸಜ್ಜೆ, ಕಣ್ಣು ಹಾಯಿಸಿದಷ್ಟು ದೂರ. ಗಂಗಿಯಂಥ ನಾಯಿಗೆ ಹೇಳಿ ಮಾಡಿಸಿದ ನೆಲ ಅಲ್ವಾ ಇದು ಅನ್ನಿಸಿತು.

ಬಸ್ ಕುಷ್ಟಗಿ ನಿಲ್ದಾಣದಲ್ಲಿ ನಿಂತಾಗ ಕಾಕಾನ ಫೋನ್ ಬಂತು. ತಮ್ಮ ಸ್ಪೀಕರ್ ಹಾಕಿದ.

"ಎದ್ದು ನಿಂತಾನ ನೋಡಪ್ಪ. ಹಾಲಾಗ ರೊಟ್ಟಿ ನೆನಸಿ ಕೊಟ್ರ ತಿಂದ. ಗಂಗಿದ ತ್ರಾಸ ಆಗೈತಿ. ಹೊಲಿಗಿ ನೆಕ್ಕಾಕ ಬರ್ತಾಳ, ಡಾಕ್ಟರ್ ಬ್ಯಾಡ ಅಂದಾರ. ನಿಮ್ಮ ಕಾಕು ಆಕಿನ್ನ ಆ ಕಂಬಕ್ಕ ಕಟ್ಯಾಳ, ಇವನ್ನ ಈ ಕಂಬಕ್ಕ. ರಾತ್ರಿಯೆಲ್ಲ ಇಬ್ರೂ ಕುಂಯ್ ಕುಂಯ್ ಅಂತಾವು."