"ಗೋಡೆಗೆ ಪಾಚಿ ಹಿಡಿದ ಹಾಗಿದೆ ಕಣಮ್ಮ"

ಬೆಂಗಳೂರಿನ ವಿಜಯನಗರದ ಒಂದು ಪೇಂಟ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಯಾವ ಮನೆಗೆ ಯಾವ ಬಣ್ಣ ಒಪ್ಪುತ್ತದೆ ಅಂತ ಹೇಳುವುದೇ ನನ್ನ ಕೆಲಸ. ಅಂಗಡಿಗೆ ಬಂದವರಿಗೆ ಬಣ್ಣಗಳ ಮಾದರಿ ಇರುವ ಶೇಡ್ ಕಾರ್ಡ್ ತೋರಿಸುತ್ತೇನೆ, ಕರೆದರೆ ಮನೆಗೂ ಹೋಗಿ ನೋಡುತ್ತೇನೆ. ಇವತ್ತು ನಾನು ಈ ಕೆಲಸ ಮಾಡುವ ರೀತಿ ಇದೆಯಲ್ಲ, ಅದನ್ನು ಕಲಿಸಿದ್ದು ಗಿರಿನಗರದ ಒಂದು ಮನೆಯ ಅಜ್ಜಿ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೂ, ಮನೆಗೆ ಬಣ್ಣ ಹೊಡೆಸಲು ಹೊರಟವರಿಗೂ ಇದನ್ನು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. 30×40 ಅಡಿ ಸೈಟಿನ ಮನೆ. ಮೊಮ್ಮಗಳ ನಿಶ್ಚಿತಾರ್ಥಕ್ಕೆ ಎರಡು ವಾರ ಇತ್ತು, ಇಡೀ ಮನೆಗೆ ಬಣ್ಣ ಆಗಬೇಕಿತ್ತು. ಅಂಗಡಿ ಕೆಲಸ ಮುಗಿಸಿ ಸಂಜೆ ಏಳು ಗಂಟೆಗೆ ಹೋಗಿ ನೋಡಿದೆ. ಹಾಲ್, ಅಡುಗೆಮನೆ, ಎರಡು ರೂಮು, ಹಿಂದೆ ಅಜ್ಜಿಯ ಕೋಣೆ. ಮನೆಯ ಸೊಸೆ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ತಿಳಿ ಬೂದು ಬಣ್ಣದ ಕೋಣೆ, ಬಿಳಿ ಪರದೆ, ನೋಡಲು ತುಂಬಾ ಚೆನ್ನಾಗಿತ್ತು. "ಅತ್ತೆ ರೂಮಿಗೆ ಇದೇ ಇರಲಿ, ನೀಟಾಗಿರುತ್ತೆ" ಅಂದರು. ಮಾರನೆಯ ದಿನ ಅವರು ಅಂಗಡಿಗೆ ಬಂದಾಗ ಕಾರ್ಡಿನಲ್ಲಿ ಅದೇ ಬೂದು ಹುಡುಕಿ ಕೊಟ್ಟೆ. ಕೋಣೆ ಹತ್ತಕ್ಕೆ ಹನ್ನೊಂದು ಅಡಿ. ಮಿಷನ್ನಿನಲ್ಲಿ ಬೆರೆಸಿ 4 ಲೀಟರಿನ ಡಬ್ಬ ಕಳಿಸಿದೆ.

ಆ ಮನೆಯ ಪೇಂಟಿಂಗ್ ಮೇಸ್ತ್ರಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಪುಟ್ಟಿ ಹಾಕಿ, ಉಜ್ಜಿ, ಪ್ರೈಮರ್ ಹೊಡೆದಾದ ಮೇಲೆ ಫೋನ್ ಮಾಡಿ ಒಂದೇ ಮಾತು ಕೇಳಿದರು. "ಮೇಡಂ, ಹಗಲು ಹೊತ್ತು ಈ ಕಿಟಕಿಯಿಂದ ನೋಡಿದ್ದೀರಾ?" ನಾನು ಕೌಂಟರಿನಲ್ಲಿ ಜನರ ಮಧ್ಯೆ ಇದ್ದೆ. "ನೋಡಿದ್ದೀನಿ ಅಣ್ಣ, ಹೊಡೀರಿ" ಅಂದುಬಿಟ್ಟೆ. ನೋಡಿರಲಿಲ್ಲ.

ಎರಡು ದಿನ ಬಿಟ್ಟು ಸೊಸೆಯಿಂದ ಫೋನ್ ಬಂತು, ದನಿ ಬಿಗಿಯಾಗಿತ್ತು. ಹೋದಾಗ ಮಧ್ಯಾಹ್ನ ಹನ್ನೆರಡೂವರೆ. ಅಜ್ಜಿ ಮಂಚದ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು, ಆಮೇಲೆ ಗೋಡೆ ನೋಡಿದರು. "ಬೇಜಾರು ಮಾಡ್ಕೋಬೇಡ ಮಗಳೇ. ಗೋಡೆಗೆ ಪಾಚಿ ಹಿಡಿದ ಹಾಗಿದೆ ಕಣಮ್ಮ."

ನಿಜವಾಗಿಯೂ ಹಾಗೇ ಇತ್ತು. ಮಳೆಗಾಲ ಮುಗಿದ ಮೇಲೆ ಕಾಂಪೌಂಡ್ ಗೋಡೆಯ ಬುಡದಲ್ಲಿ ಇರುತ್ತದಲ್ಲ, ಆ ಬಣ್ಣ. ಕಿಟಕಿಯ ಆಚೆ ಎರಡೂವರೆ ಅಡಿ ಸಂದಿ. ಸಂದಿಯ ಆಚೆ ಪಕ್ಕದ ಮನೆಯ ಗೋಡೆ, ಅಚ್ಚ ಗಿಳಿಹಸಿರು. ಸೂರ್ಯ ನೆತ್ತಿಗೆ ಬಂದಾಗ ಮಾತ್ರ ಆ ಸಂದಿಗೆ ಬಿಸಿಲು ಇಳಿಯುತ್ತದೆ. ಇಳಿದ ಬಿಸಿಲು ಆ ಹಸಿರು ಗೋಡೆಗೆ ತಾಗಿ, ಹಸಿರಾಗಿಯೇ ಕಿಟಕಿಯೊಳಗೆ ಬರುತ್ತದೆ. ಬೂದು ಬಣ್ಣಕ್ಕೆ ತನ್ನದು ಅಂತ ಜಾಸ್ತಿ ಏನೂ ಇರುವುದಿಲ್ಲ, ಪಕ್ಕದಲ್ಲಿ ಏನಿದೆಯೋ ಅದನ್ನು ತೋರಿಸುತ್ತದೆ. ನಾನು ಕೋಣೆ ನೋಡಿದ್ದು ರಾತ್ರಿ, ಟ್ಯೂಬ್‌ಲೈಟಿನ ಕೆಳಗೆ. ಬಣ್ಣ ಆರಿಸಿದ್ದು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ. ಅಜ್ಜಿ ಅಲ್ಲಿ ಕೂರುವುದು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ನೀವು ಎಷ್ಟು ಹೊತ್ತಿಗೆ ಇಲ್ಲಿರುತ್ತೀರಿ ಅಂತ ಅವರನ್ನು ಕೇಳಿರಲೇ ಇಲ್ಲ.

ಮಿಷನ್ನಿನಲ್ಲಿ ಬೆರೆಸಿದ ಬಣ್ಣ ವಾಪಸ್ ಹೋಗುವುದಿಲ್ಲ. ಹೊಸ ಪೇಂಟಿನ ಖರ್ಚು ನಮ್ಮ ಮಾಲೀಕರು ನೋಡಿಕೊಂಡರು, ಎರಡು ದಿನದ ಕೂಲಿ ನಾನು ಕೊಟ್ಟೆ. ಅದು ಸರಿಯೇ ಆಗಿತ್ತು. ಆದರೆ ಮುಂದೆ ಏನು ಹೊಡೆಯಬೇಕು ಅಂತ ನನಗೆ ಹೊಳೆಯಲಿಲ್ಲ. ಬಿಳಿ ಹೊಡೆದರೂ ಹಸಿರೇ ಕಾಣುತ್ತದೆ. ಗಾಢ ಬಣ್ಣ ಹೊಡೆದರೆ ಕೋಣೆ ಕತ್ತಲು.

ದಾರಿ ತೋರಿಸಿದ್ದು ಅಜ್ಜಿಯೇ. "ನಮ್ಮೂರಲ್ಲಿ ಉಗಾದಿಗೆ ಮುಂಚೆ ಸುಣ್ಣ ಹೊಡೀತಿದ್ವಲ್ಲ, ಬರೀ ಸುಣ್ಣ ಹೊಡೆದ್ರೆ ಹಳದಿ ಬಡೀತಿತ್ತು. ಅದಕ್ಕೇ ಬಕೀಟಿಗೆ ಒಂಚೂರು ನೀಲಿ ಹಾಕ್ತಿದ್ವಿ. ನೀಲಿ ಕಾಣ್ತಿರಲಿಲ್ಲ, ಹಳದಿ ಹೋಗ್ತಿತ್ತು. ಹಸಿರಿಗೂ ಹಂಗೇ ಏನೋ ಇರಬೇಕಲ್ವಾ?"

ಇತ್ತು. ಹಳದಿಯನ್ನು ನೀಲಿ ಅಡಗಿಸುವ ಹಾಗೆ, ಹಸಿರನ್ನು ಕೆಂಪು ಅಡಗಿಸುತ್ತದೆ. ಬಿಳಿ ಬಟ್ಟೆಗೆ ನೀಲಿ ಅದ್ದುವುದೂ ಇದೇ ಲೆಕ್ಕ. ಮನೆಯಲ್ಲಿ ದಿನಾ ನೋಡಿದ್ದೆ, ಗೋಡೆಗೆ ತಂದು ಯೋಚಿಸಿರಲಿಲ್ಲ. ಮಾರನೆಯ ದಿನ ಚೂರೇ ಚೂರು ಕೆಂಪು ಬೆರೆತ ಕೆನೆಬಣ್ಣ ಮೂರು ಥರ ಮಾಡಿಸಿದೆ. ದಪ್ಪ ಡ್ರಾಯಿಂಗ್ ಹಾಳೆಗೆ ಎರಡೆರಡು ಕೋಟ್ ಹೊಡೆದು, ಒಣಗಿಸಿ, ಅಜ್ಜಿಯ ಮಂಚದ ಪಕ್ಕ ನಿಲ್ಲಿಸಿದೆವು. ಅಂಗಡಿಯಲ್ಲಿ ಮೂರೂ ಗುಲಾಬಿ ಗುಲಾಬಿಯಾಗಿ ಕಾಣುತ್ತಿದ್ದವು. ಆ ಕಿಟಕಿಯ ಬೆಳಕಿನಲ್ಲಿ ನಡುವಿನ ಹಾಳೆ ಹೊಸ ಬೆಣ್ಣೆಯ ಹಾಗಿತ್ತು. ಅಜ್ಜಿ ಅದರ ಮೇಲೆ ಬೆರಳಿಟ್ಟರು. ಅದನ್ನೇ ಹೊಡೆದೆವು.

ಅವತ್ತಿನಿಂದ ಬರೀ ಕಾರ್ಡ್ ನೋಡಿ ಬಣ್ಣ ಹೇಳುವುದನ್ನು ಬಿಟ್ಟೆ. ಮೊದಲು ಮನೆಗೆ ಹೋಗುತ್ತೇನೆ, ಅದೂ ಆ ಕೋಣೆಯಲ್ಲಿ ಜನ ಇರುವ ಹೊತ್ತಿಗೆ. ಕಿಟಕಿಯಿಂದ ಹೊರಗೆ ನೋಡುತ್ತೇನೆ. ಬೆಂಗಳೂರಿನ ಮನೆಗಳಲ್ಲಿ ಇದು ಬಹಳ ಮುಖ್ಯ. 20×30, 30×40 ಸೈಟಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುತ್ತದೆ. ನಿಮ್ಮ ಮನೆಯೊಳಗಿನ ಬೆಳಕಿಗೆ ಅರ್ಧ ಬಣ್ಣ ಪಕ್ಕದ ಮನೆಯವರು ಕೊಟ್ಟಿರುತ್ತಾರೆ.

ದಿಕ್ಕೂ ನೋಡಬೇಕು. ನಮ್ಮೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ದಿನ ದಕ್ಷಿಣಕ್ಕೆ. ಹಾಗಾಗಿ ಉತ್ತರದ ಕೋಣೆಯಲ್ಲಿ ವರ್ಷದ ಹೆಚ್ಚು ಕಾಲ ನೇರ ಬಿಸಿಲು ಇರುವುದಿಲ್ಲ, ಬೆಳಕು ತಣ್ಣಗಿರುತ್ತದೆ. ಅಲ್ಲಿ ಬೂದು, ನೀಲಿ ಹೊಡೆದರೆ ಡಿಸೆಂಬರಿನಲ್ಲಿ ಕೋಣೆಗೆ ಕಾಲಿಟ್ಟರೇ ಚಳಿಯಾದಂತೆ ಅನಿಸುತ್ತದೆ. ಪಶ್ಚಿಮದ ಕೋಣೆಯಲ್ಲಿ ಸಂಜೆಯ ಕೆಂಪು ಬೆಳಕು ಬಂದು ಹಳದಿ ಗೋಡೆಯನ್ನು ಕಿತ್ತಳೆ ಮಾಡಿಬಿಡುತ್ತದೆ. ಅಲ್ಲಿ ತಣ್ಣನೆಯ ಬಣ್ಣಕ್ಕೆ ನಾನು ಹೆದರುವುದಿಲ್ಲ.

ಬಲ್ಬ್ ಕೂಡ ನೋಡುತ್ತೇನೆ. ಡಬ್ಬದ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ. 6500 ಇದ್ದರೆ ನೀಲಿ ಬೆರೆತ ಬಿಳಿ ಬೆಳಕು, ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವುದು ಇದೇ. 2700, 3000 ಇದ್ದರೆ ಹಳೇ ಬುರುಡೆ ದೀಪದ ಹಳದಿ. 4000 ಇವೆರಡರ ನಡುವೆ. ಹಗಲಿಗೆ ಒಂದು ಬಣ್ಣ, ರಾತ್ರಿಗೆ ಇನ್ನೊಂದು ಬಣ್ಣ ಆಗಿ ಕಾಣುವ ಗೋಡೆಗಳ ಗುಟ್ಟು ಇಷ್ಟೇ. ಬಣ್ಣ ಇಷ್ಟ ಆಗುತ್ತಿಲ್ಲ ಅಂತ ಕರೆದವರ ಮನೆಯಲ್ಲಿ ಎಷ್ಟೋ ಸಲ ಬಲ್ಬ್ ಬದಲಾಯಿಸಿ, ಪೇಂಟ್ ಮುಟ್ಟದೆ ಬಂದಿದ್ದೇನೆ. ಅಂಗಡಿಗೆ ವ್ಯಾಪಾರ ಆಗದಿದ್ದರೂ ಅವರು ಆಮೇಲೆ ನೆಂಟರನ್ನು ಕಳಿಸುತ್ತಾರೆ.

ಬಾಡಿಗೆ ಮನೆಯವರಿಗಂತೂ ನಾನು ಮೊದಲು ಹೇಳುವುದೇ ಬಲ್ಬ್ ಮತ್ತು ಪರದೆ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಪದ್ಧತಿ ಇಲ್ಲಿ ಹೇಗೂ ಇದೆ. ಅದರ ಮೇಲೆ ಕೈಯಿಂದ ಇನ್ನೊಂದಿಷ್ಟು ಯಾಕೆ ಸುರಿಯಬೇಕು? ಚಿಕ್ಕಪೇಟೆಗೆ ಹೋಗಿ ಒಳ್ಳೆ ಕಾಟನ್ ಬಟ್ಟೆ ತಂದು ಪರದೆ ಹೊಲಿಸಿ. ಅದು ಮುಂದಿನ ಮನೆಗೂ ಬರುತ್ತದೆ.

ನೆಲವನ್ನು ಮರೆಯುವವರು ಜಾಸ್ತಿ. ಬಸವನಗುಡಿಯಲ್ಲಿ ಒಂದು ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಕಾಲಿಟ್ಟರೆ ತಂಪು, ಮುಖ ಕಾಣುವಷ್ಟು ಹೊಳಪು. ಮಗ ಸೊಸೆಗೆ ಗೋಡೆ ಹಾಲುಬಿಳಿ ಬೇಕಿತ್ತು. ಹಾಲುಬಿಳಿ ಹೊಡೆದ ಹಾಳೆಯನ್ನು ಬಾಗಿಲ ಹತ್ತಿರ ನೆಲಕ್ಕೆ ತಾಗಿಸಿ ನಿಲ್ಲಿಸಿದೆ. ಬಿಸಿಲು ಒಳಗೆ ಬಂದಾಗ ಹಾಳೆಯ ಕೆಳಗಿನ ಎರಡು ಗೇಣು ಪೂರ್ತಿ ಗುಲಾಬಿ ಆಯಿತು. ಅವರಿಗೆ ಒಂದು ಕ್ಷಣ ನಂಬಿಕೆ ಬರಲಿಲ್ಲ, ಹಾಳೆ ಎತ್ತಿ ಹಿಂದೆ ಮುಂದೆ ನೋಡಿದರು. ಆಮೇಲೆ ತೆಂಗಿನಕಾಯಿ ತಿರುಳಿನಂಥ ಬಿಳಿ ಒಪ್ಪಿದರು, ಅದರಲ್ಲಿ ನೆಲದ ಕೆಂಪು ಕರಗಿಹೋಯಿತು. ಆ ಗೋಡೆಗಳು ಸುಣ್ಣದ ಗಾರೆಯವು. ಗಾರೆ ಗೋಡೆ ತೇವವನ್ನು ಹೀರುತ್ತದೆ, ಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪದರದಂಥ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಹಪ್ಪಳದಂತೆ ಏಳುತ್ತದೆ. ಅಲ್ಲಿ ಸುಣ್ಣವೇ ಸರಿ ಅಂತ ಹೇಳಿ, ಸುಣ್ಣ ಬಲ್ಲ ಒಬ್ಬ ಹಿರಿಯ ಪೇಂಟರ್ ಅವರನ್ನು ಹುಡುಕಿ ಕೊಟ್ಟೆ. ನಮ್ಮ ಅಂಗಡಿಯಿಂದ ಒಂದು ಡಬ್ಬವೂ ಹೋಗಲಿಲ್ಲ. ನನಗೆ ಅದರ ಬಗ್ಗೆ ಇವತ್ತಿಗೂ ಸಂತೋಷ ಇದೆ.

ಹಾಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರು ಬೇಕಾದರೂ ಮಾಡಬಹುದು. ಕಾರ್ಡಿನಲ್ಲಿರುವುದು ಎರಡು ಬೆರಳಗಲದ ಚೂರು. ಅದೇ ಬಣ್ಣ ಇಡೀ ಗೋಡೆಗೆ ಬಂದಾಗ ಇನ್ನೂ ಗಾಢವಾಗಿ ಕಾಣುತ್ತದೆ. ನಾಲ್ಕು ಗೋಡೆ ಒಂದಕ್ಕೊಂದು ಎದುರಾಗಿ ನಿಂತು ಒಂದರ ಬಣ್ಣ ಇನ್ನೊಂದಕ್ಕೆ ಬೀಳುವುದರಿಂದ ಮತ್ತಷ್ಟು ಏರುತ್ತದೆ. ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ ಗೋಡೆ ಪೇಂಟ್, ಹಸಿಯಾಗಿದ್ದಾಗ ತಿಳಿಯಾಗಿರುತ್ತದೆ, ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ. ಅದಕ್ಕೇ ಚಿಕ್ಕ ಡಬ್ಬ ತಂದು, ಎರಡಡಿ ಹಾಳೆಗೆ ಎರಡು ಕೋಟ್ ಹೊಡೆದು, ಪೂರ್ತಿ ಒಣಗಲು ಬಿಡಬೇಕು. ಅಂಚಿನಲ್ಲಿ ಒಂದು ಇಂಚು ಬಿಳಿ ಬಿಡಿ. ಹಳೇ ಗೋಡೆಯ ಮೇಲೇ ಬಳಿದು ನೋಡಿದರೆ ಸುತ್ತಲಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಹಾಳೆಯನ್ನು ಒಂದು ದಿನ ಮೂಲೆಯಲ್ಲಿ, ಇನ್ನೊಂದು ದಿನ ಕಿಟಕಿ ಎದುರು ಇಡಿ. ಬೆಳಗ್ಗೆ ಕಾಫಿ ಹೊತ್ತಿಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ, ಮೂರು ಹೊತ್ತೂ ನೋಡಿ. ಮೂರೂ ಹೊತ್ತು ಒಪ್ಪುವ ಬಣ್ಣ ಸಿಗದಿದ್ದರೆ, ನೀವು ಆ ಕೋಣೆಯಲ್ಲಿ ಇರುವ ಹೊತ್ತಿನ ಮಾತು ಕೇಳಿ.

ತೇವ ಇರುವ ಗೋಡೆಗೆ ಬಣ್ಣ ಆರಿಸುತ್ತಾ ಕೂರಬೇಡಿ, ಮೊದಲು ನೀರು ಎಲ್ಲಿಂದ ಬರುತ್ತಿದೆ ಪತ್ತೆ ಮಾಡಿಸಿ. ಗೋಡೆ ಉಬ್ಬುತಗ್ಗು ಇದ್ದರೆ ಹೊಳಪಿನ ಪೇಂಟ್ ಬೇಡ. ಒಂದೇ ಬಣ್ಣದ ಎರಡು ಬಕೆಟ್ ಬಂದರೆ ಎರಡನ್ನೂ ಒಟ್ಟಿಗೆ ಬೆರೆಸಿಕೊಂಡು ಹೊಡೆಯಲು ಹೇಳಿ. ಹಳೇ ಮನೆಯ ಕಿಟಕಿ, ಗ್ರಿಲ್ ಉಜ್ಜಿಸುವಾಗ ಮಕ್ಕಳನ್ನು ದೂರ ಇಟ್ಟು, ನೀರು ಹಾಕಿ ಉಜ್ಜಿಸಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿಗೆ ಒಳ್ಳೆಯದಲ್ಲ.

ಅಲಂಕಾರದ ಬಗ್ಗೆ ಕೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಈ ಮನೆಯಲ್ಲಿ ಏನು ಬಿಟ್ಟುಕೊಡುವುದಿಲ್ಲ? ತಾತನ ಬೀಟೆ ಮಂಚ, ದೇವರ ಮನೆಯ ಹಿತ್ತಾಳೆ ದೀಪಗಳು, ಶೋಕೇಸಿನ ತುಂಬಾ ಚನ್ನಪಟ್ಟಣದ ಬೊಂಬೆ, ಅಮ್ಮನ ಇಳಕಲ್ ಸೀರೆ. ಬಣ್ಣ ಅದಕ್ಕೆ ಹೊಂದಬೇಕು. ಚನ್ನಪಟ್ಟಣದ ಕೆಂಪು ಹಳದಿ ಬೊಂಬೆಗಳ ಹಿಂದೆ ಇನ್ನೊಂದು ಕೆಂಪು ಗೋಡೆ ಬಂದರೆ ಬೊಂಬೆ ಕಾಣುವುದೇ ಇಲ್ಲ. ಹಿಂದೆ ತಿಳಿ ಬಣ್ಣ ಇರಲಿ, ಬೊಂಬೆಗಳೇ ಮಾತಾಡುತ್ತವೆ. ಹೊಸ ಸಾಮಾನು ಕೊಳ್ಳುವುದಕ್ಕೆ ಮೊದಲು ಮನೆಯ ಹಿರಿಯರ ಟ್ರಂಕ್ ಒಂದು ಸಲ ತೆಗೆಸಿ ನೋಡಿ.

ಆ ಮೇಸ್ತ್ರಿ ಈಗಲೂ ನಮ್ಮ ಅಂಗಡಿಗೆ ಬರುತ್ತಾರೆ. ಅವರು ಏನಾದರೂ ಕೇಳಿದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತೇನೆ. ದಿನಕ್ಕೆ ಎಂಟು ಗಂಟೆ ಗೋಡೆಗೆ ಮುಖ ಮಾಡಿ ನಿಲ್ಲುವವರು ಅವರು, ಬಣ್ಣ ಬೆಳಗ್ಗೆ ಹೇಗಿತ್ತು, ಸಂಜೆ ಹೇಗಾಯಿತು ಅಂತ ಅವರ ಕಣ್ಣಿಗೆ ಗೊತ್ತು.

ಹೋದ ವಾರ ಗಿರಿನಗರದ ಸೊಸೆ ಫೋನ್ ಮಾಡಿದ್ದರು. ಪಕ್ಕದ ಮನೆಯವರು ಹೊರಗಿನ ಗೋಡೆಗೆ ಹೊಸದಾಗಿ ಬಣ್ಣ ಹೊಡೆಸಿದ್ದಾರಂತೆ, ಗಿಳಿಹಸಿರು ಹೋಗಿ ಇಟ್ಟಿಗೆ ಕೆಂಪು ಬಂದಿದೆಯಂತೆ. ಅಜ್ಜಿಗೆ ಈಗ 91. "ನಮ್ಮ ಬೆಣ್ಣೆ ಗೋಡೆ ಕುಂಕುಮ ಆಗಿದೆ, ಆ ಹುಡುಗಿಗೆ ಬಂದು ನೋಡೋಕೆ ಹೇಳು" ಅಂದರಂತೆ. ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಬರುತ್ತೇನೆ ಅಂತ ಹೇಳಿದ್ದೇನೆ. ತಿಳಿಹಸಿರು ಬೆರೆತ ಮೂರು ಹಾಳೆ ಅಂಗಡಿಯ ಹಿಂದೆ ಒಣಗುತ್ತಿವೆ.